ಭೀಮಣ್ಣನ ಲೈಸೆನ್ಸಿನಲ್ಲಿ ಬರೆದದ್ದು

ನನಗೆ ಕನ್ನಡ ಓದಲು ಬರುತ್ತದೆ. ಉಡುಪಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲೇ ಕಲಿತವಳು ನಾನು. ಆದರೂ ಹನ್ನೆರಡು ವರ್ಷಗಳ ಹಿಂದೆ, ಮರಾಠಿ ನಾಡಿನ ಕಳಂಬೋಲಿ ಕಡೆಯ ಒಂದು ಪೊಲೀಸ್ ಠಾಣೆಯಲ್ಲಿ, ಓದಲು ಬರುವುದಿಲ್ಲ ಎಂದೆ. ಆ ಮಾತಿನ ಫಲವನ್ನು ಭೀಮಣ್ಣ ಉಂಡರು, ನಾನಲ್ಲ. ಇದನ್ನು ಈವರೆಗೆ ಗಂಡನಿಗೂ ಹೇಳಿಲ್ಲ.

ಎರಡು ಸಾವಿರದ ನಾಲ್ಕರ ಮಾತು. ಡೊಂಬಿವಲಿಯ ಕೈಗಾರಿಕಾ ಪ್ರದೇಶದ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ ಕಳಂಬೋಲಿಗೆ ಹೋಗುತ್ತಿದ್ದೆ. ಅಲ್ಲಿನ ಕಬ್ಬಿಣದ ಮಾರುಕಟ್ಟೆಯ ಪಕ್ಕ, ಕಾವಲುಗಾರರನ್ನು ಒದಗಿಸುವ ಒಂದು ಸಣ್ಣ ಕಂಪನಿ. ನಾನು ಅಲ್ಲಿಯ ಕ್ಲಾರ್ಕು — ಇನ್ನೂ ಕಾಯಂ ಆಗಿರಲಿಲ್ಲ. ಭೀಮಣ್ಣ ಬಿಜಾಪುರ ಕಡೆಯವರು. ಹತ್ತು ವರ್ಷ ಆ ಮಾರುಕಟ್ಟೆಯಲ್ಲಿ ಸರಳು ಹೊತ್ತು ಸೊಂಟ ಕಳೆದುಕೊಂಡಿದ್ದರು. ಕೂತು ಮಾಡುವ ಕೆಲಸ ಕೊಡಿ ಎಂದು ದಿನಾ ಬರುತ್ತಿದ್ದರು.

ಆಗಲೇ ಒಬ್ಬ ದೊಡ್ಡ ವ್ಯಾಪಾರಿ ಗನ್‌ಮ್ಯಾನ್ ಬೇಕೆಂದ. ಸ್ವಂತ ಬಂದೂಕು, ಸ್ವಂತ ಲೈಸೆನ್ಸು ಇರುವವನೇ ಬೇಕು. ಊರಲ್ಲಿ ಅಪ್ಪನ ಕಾಲದ ಬಂದೂಕು ಇದೆ, ಲೈಸೆನ್ಸು ಈಗ ತನ್ನ ಹೆಸರಿಗಿದೆ ಎಂದರು ಭೀಮಣ್ಣ. ನಮ್ಮ ಸಾಹೇಬರು ಮರಾಠಿಯವರು, ತರಲು ಹೇಳಿಯೇಬಿಟ್ಟರು.

ನಾಲ್ಕನೆಯ ದಿನ ಭೀಮಣ್ಣ ಹೆಗಲ ಮೇಲೆ ಒಂದು ಕೌದಿಯ ಸುರುಳಿ ಹೊತ್ತು ಬಂದರು. ಹೆಂಡತಿ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ. ಅದರೊಳಗೆ ಬಂದೂಕು.

"ಟ್ರೇನಿನ್ಯಾಗ ಯಾರೂ ಕೇಳ್ಲಿಲ್ರೀ ಅಕ್ಕಾರ. ಹಾಸಗಿ ಅಂತ ತಿಳ್ಕೊಂಡ್ರು," ಎಂದು ನಕ್ಕರು.

ಲೈಸೆನ್ಸಿನ ಪುಸ್ತಕವನ್ನು ಸಾಹೇಬರು ನನ್ನ ಮುಂದೆ ಇಟ್ಟರು. ಆಫೀಸಿನಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಭೀಮಣ್ಣನಿಗೆ ಹೆಬ್ಬೆಟ್ಟೇ ಗತಿ. ಮೂರನೆಯ ಪುಟದಲ್ಲಿ, ಮೊಹರಿನ ಪಕ್ಕ, ಯಾರೋ ಗುಮಾಸ್ತ ದುಂಡಗೆ ಬರೆದಿದ್ದ: ಕರ್ನಾಟಕ ರಾಜ್ಯದ ವ್ಯಾಪ್ತಿಗೆ ಮಾತ್ರ.

"ಆಲ್ ಇಂಡಿಯಾ ಹೈ ನಾ?" ಎಂದರು ಸಾಹೇಬರು. ವ್ಯಾಪಾರಿಯ ಮನುಷ್ಯ ಹೊರಗೆ ಕಾಯುತ್ತಿದ್ದ. ಈ ಗಿರಾಕಿ ಸಿಕ್ಕರೆ ನಿನ್ನನ್ನು ಕಾಯಂ ಮಾಡುತ್ತೇನೆಂದು ಬೆಳಿಗ್ಗೆಯಷ್ಟೇ ಹೇಳಿದ್ದರು.

ಭೀಮಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. "ಇಲ್ಲಿ ತರಬೌದು ಅಂತ ಬರ್ದೈತೇನ್ರೀ ಅಕ್ಕಾರ?"

"ಉಂಟು ಭೀಮಣ್ಣ. ಎಲ್ಲಿಗೆ ಬೇಕಾದರೂ ತರಬಹುದು ಅಂತ ಉಂಟು." ಸಾಹೇಬರಿಗೂ ಹೌದೆಂದು ತಲೆಯಾಡಿಸಿದೆ.

ಅವರ ಹೊಟ್ಟೆಪಾಡಿಗಾಗಿ ಹಾಗೆ ಹೇಳಿದೆ ಎಂದು ಬರೆಯಲು ಈಗಲೂ ಕೈ ತುರಿಸುತ್ತದೆ — ಅರ್ಧ ನಿಜವೂ ಹೌದು. ಆದರೆ ಉಳಿದರ್ಧ ನನ್ನ ಕುರ್ಚಿಗಾಗಿ. ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ. ಬೇರೆ ರಾಜ್ಯಕ್ಕೆ ಒಯ್ಯಬೇಕಾದರೆ ಊರಿನ ಜಿಲ್ಲಾ ಕಚೇರಿಯಲ್ಲಿ ವ್ಯಾಪ್ತಿ ಹೆಚ್ಚಿಸಿಕೊಳ್ಳಬೇಕು, ದಾರಿಗೂ ಬೇರೆ ಪರವಾನಗಿ ಬೇಕು, ಬಂದ ಮೇಲೆ ಇಲ್ಲಿಯ ಪೊಲೀಸರಿಗೂ ತಿಳಿಸಬೇಕು. ಇನ್ನೊಬ್ಬ ಕಾವಲುಗಾರನಿಗೆ ಇಂಥ ಅರ್ಜಿಯನ್ನು ನಾನೇ ಬರೆದುಕೊಟ್ಟಿದ್ದೆ. ಭೀಮಣ್ಣನಿಗೂ ನಾಳೆ ಬರೆದರಾಯಿತು ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ; ಇಂಥ ನಾಳೆಗಳು ನಿಮ್ಮ ಹತ್ತಿರವೂ ಇರುತ್ತವೆ.

ಐದು ತಿಂಗಳು ಅವರು ಆ ವ್ಯಾಪಾರಿಯ ಗೋದಾಮಿನ ಗೇಟಿನಲ್ಲಿ ಬಂದೂಕು ಹಿಡಿದು ಕೂತರು. ಶನಿವಾರ ಬಂತೆಂದರೆ ಊರಿನಿಂದ ಮಗಳು ಬರೆದ ನೀಲಿ ಇನ್‌ಲ್ಯಾಂಡ್ ಪತ್ರ ಹಿಡಿದು ಆಫೀಸಿಗೆ ಬರುತ್ತಿದ್ದರು. ಒಂಬತ್ತನೆಯ ತರಗತಿಯ ಹುಡುಗಿ ಶಾಂತವ್ವ. ನಾನು ಓದಬೇಕು, ಅವರು ಕೇಳಬೇಕು. "ಇನ್ನೊಮ್ಮಿ ಓದ್ರೀ ಅಕ್ಕಾರ," ಎನ್ನುತ್ತಿದ್ದರು. ಎಮ್ಮೆ ಈದದ್ದು, ಗಣಿತದ ಮಾಸ್ತರು ಬೈದದ್ದು — ಎಲ್ಲ ಎರಡೆರಡು ಸಲ ಓದುತ್ತಿದ್ದೆ. ಆ ಹುಡುಗಿಯ ಅಕ್ಷರ ನನ್ನ ಅಕ್ಷರಕ್ಕಿಂತ ಚೆನ್ನಾಗಿತ್ತು.

ಆಮೇಲೆ ಚುನಾವಣೆ ಬಂತು. ಲೈಸೆನ್ಸ್ ಇರುವ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂಬ ಆದೇಶವೂ ಬಂತು. ಅಂದು ಶನಿವಾರ. ಭೀಮಣ್ಣ ಇಸ್ತ್ರಿಯ ಅಂಗಿ ತೊಟ್ಟು, ಕೌದಿಯ ಸುರುಳಿ ಹೆಗಲಿಗೇರಿಸಿ ಆಫೀಸಿಗೆ ಬಂದರು. "ಸರಕಾರದ ಕಾಯ್ದೆ ನೋಡ್ರೀ, ನಾವs ಮೊದಲ ಕೊಟ್ಟು ಬರೂಣು. ಬಂದು ಕಾಗದ ಓದಿಸ್ಕೋತೀನಿ," ಎಂದು ಜೇಬು ತಟ್ಟಿ ತೋರಿಸಿದರು. ಹೋಗಬೇಡಿ ಎನ್ನಬಹುದಿತ್ತು. ಬಾಯಿಯವರೆಗೆ ಬಂದಿತ್ತು — ಹಾಗೆಂದರೆ ಯಾಕೆ ಎಂದು ಕೇಳುತ್ತಾರಲ್ಲ? ತಲೆ ತಗ್ಗಿಸಿ ಹಾಜರಿ ಪುಸ್ತಕ ತಿರುವಿದೆ. ಅವರು ರಸ್ತೆ ದಾಟುವುದು ಕಿಟಕಿಯಿಂದ ಕಾಣುತ್ತಿತ್ತು.

ಒಂದು ಗಂಟೆಯೊಳಗೆ ಠಾಣೆಯಿಂದ ಫೋನು. ಸಾಹೇಬರೂ ನಾನೂ ಓಡಿದೆವು. ಅಲ್ಲಿಯ ಹವಾಲ್ದಾರ ಅಕ್ಕಲಕೋಟೆ ಕಡೆಯವನು, ಕನ್ನಡ ಬಲ್ಲವನು. ಮೂರನೆಯ ಪುಟವನ್ನು ಜೋರಾಗಿ ಓದಿ, ಮರಾಠಿಯಲ್ಲಿ ಇನ್ಸ್‌ಪೆಕ್ಟರಿಗೆ ಹೇಳಿಯಾಗಿತ್ತು. ಸಾಹೇಬರು ಹೊಸಿಲು ದಾಟುವಾಗಲೇ ಶುರು ಮಾಡಿದರು: ಇವನೇ ಆಲ್ ಇಂಡಿಯಾ ಎಂದ, ನಾವು ನಂಬಿದೆವು.

ಭೀಮಣ್ಣ ಸಿಟ್ಟಾಗಲಿಲ್ಲ. ನನ್ನನ್ನು ಕಂಡು ಅವರಿಗೆ ಧೈರ್ಯವೇ ಬಂತು. "ನಮ್ಮ ಅಕ್ಕಾರು ಓದಿ ಹೇಳ್ಯಾರ್ರೀ. ಅವರನ್ನs ಕೇಳ್ರಿ."

ಇನ್ಸ್‌ಪೆಕ್ಟರು ನನ್ನತ್ತ ತಿರುಗಿ ಕನ್ನಡ ಓದಲು ಬರುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಒಂದು ಉಸಿರಿನಷ್ಟು ಹೊತ್ತು ಇತ್ತು ನನಗೆ.

"ನಾಹೀ ಸಾಹೇಬ್. ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ," ಎಂದು ಮರಾಠಿಯಲ್ಲೇ ಹೇಳಿದೆ. ಸಾಹೇಬರಿಗೂ ಅದೇ ಬೇಕಿತ್ತು. ಇನ್ಸ್‌ಪೆಕ್ಟರು ನಂಬಿದರು. ನಂಬದೇ ಏನು? ಈ ಊರಿನಲ್ಲಿ ಬೆಳೆದ ನಮ್ಮ ಮಕ್ಕಳೆಲ್ಲ ಹಾಗೆಯೇ ಅಲ್ಲವೇ.

ಹವಾಲ್ದಾರ ಅದನ್ನು ಕನ್ನಡದಲ್ಲಿ ಭೀಮಣ್ಣನಿಗೆ ಹೇಳಿದ. ಅವರ ಅಂಗಿಯ ಜೇಬಿನಿಂದ ಆ ವಾರದ ನೀಲಿ ಪತ್ರದ ತುದಿ ಹೊರಗೆ ಕಾಣುತ್ತಿತ್ತು. ಅದನ್ನು ತೆಗೆದು ತೋರಿಸಿದ್ದರೆ ಸಾಕಿತ್ತು — ಐದು ತಿಂಗಳಿಂದ ಇಂಥ ಪತ್ರ ಓದುತ್ತಿರುವವರು ಯಾರು ಹೇಳಿ ಎಂದಿದ್ದರೆ ಮುಗಿಯುತ್ತಿತ್ತು. ಭೀಮಣ್ಣ ನನ್ನನ್ನು ನೋಡಿದರು. ಆಮೇಲೆ ಎರಡು ಬೆರಳಿನಿಂದ ಆ ಪತ್ರವನ್ನು ಜೇಬಿನೊಳಕ್ಕೆ ಪೂರ್ತಿ ತಳ್ಳಿದರು. "ಹಂಗಾದ್ರ ನಂದs ತಪ್ಪರೀ," ಎಂದರು.

ಬಂದೂಕು ಜಪ್ತಿಯಾಯಿತು, ಕೌದಿಯೂ ಅದರ ಜೊತೆಗೆ ಹೋಯಿತು. ಅವರನ್ನು ಕಲ್ಯಾಣದ ಜೈಲಿಗೆ ಕಳಿಸಿದರಂತೆ. ಜಾಮೀನು ಸಿಕ್ಕಿ ಊರಿಗೆ ಹೋದರು ಎಂದು ಹಮಾಲರೊಬ್ಬರು ಎಷ್ಟೋ ದಿನದ ಮೇಲೆ ಹೇಳಿದರು. ಕೇಸು ಏನಾಯಿತೆಂದು ನಾನು ಕೇಳಲಿಲ್ಲ, ಕೇಳುವ ಮುಖವಿರಲಿಲ್ಲ. ಐದು ತಿಂಗಳು ಮುಂದೂಡುತ್ತ ಬಂದಿದ್ದ ಸಾಹೇಬರು ಆ ಶನಿವಾರದ ಮುಂದಿನ ತಿಂಗಳೇ ನನ್ನ ಕೆಲಸ ಕಾಯಂ ಮಾಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ, ಆಫೀಸಿನಲ್ಲಿ ಯಾರಾದರೂ ಕನ್ನಡ ಪೇಪರು ಬಿಚ್ಚಿದರೆ ಎದ್ದು ಹೋಗುತ್ತಿದ್ದೆ.

ಆ ಶನಿವಾರದ ಪತ್ರದಲ್ಲಿ ಶಾಂತವ್ವ ಏನು ಬರೆದಿದ್ದಳೋ. ಜೈಲಿನಲ್ಲಿ ಅದನ್ನು ಯಾರಾದರೂ ಓದಿ ಹೇಳಿದರೋ ಇಲ್ಲವೋ. ಹನ್ನೆರಡು ವರ್ಷಗಳಿಂದ ನನ್ನನ್ನು ಹೆಚ್ಚು ಕೊರೆದದ್ದು ಜೈಲಿಗಿಂತ ಅದೇ.

ಅವರ ಊರಿನ ವಿಳಾಸ ನನಗೆ ಬಾಯಿಪಾಠ. ಪ್ರತಿ ಪತ್ರದ ಬೆನ್ನಿನ ಮೇಲೂ ಇರುತ್ತಿತ್ತು. ಶುಕ್ರವಾರ ಕಲ್ಯಾಣದಿಂದ ಟ್ರೇನು ಹಿಡಿಯುತ್ತೇನೆ. ಭೀಮಣ್ಣ ಇದ್ದಾರೋ, ನನ್ನನ್ನು ಬಾಗಿಲಿಂದಲೇ ಕಳಿಸುತ್ತಾರೋ ಗೊತ್ತಿಲ್ಲ. ಕಳಿಸಿದರೆ ಅದು ಅವರ ಹಕ್ಕು. ಈ ಬರಹವನ್ನು ಅವರ ಕೈಗೆ ಕೊಟ್ಟರೆ ಪ್ರಯೋಜನವಿಲ್ಲ, ಶಾಂತವ್ವನ ಕೈಗೆ ಕೊಟ್ಟು ಓದಿಸಿದರೆ ಅದೂ ಇನ್ನೊಂದು ತಪ್ಪಿಸಿಕೊಳ್ಳುವಿಕೆ. ಅವರ ಮುಂದೆ ಕೂತು, ಮೊದಲ ಸಾಲಿನಿಂದ ಕೊನೆಯವರೆಗೆ, ನಾನೇ ಓದುತ್ತೇನೆ. ಇನ್ನೊಮ್ಮೆ ಓದಿ ಎಂದರೆ ಇನ್ನೊಮ್ಮೆ ಓದುತ್ತೇನೆ.