ಗೋಡೆಗೊಬ್ಬ ಎತ್ತರದವನು

ಕವಿತ ಐದಡಿ ಇಲ್ಲ. ಚಪ್ಪಲಿ ಮೆಟ್ಟಿದರೆ ಇದ್ದಾಳೆ ಎನ್ನಬಹುದು. ಜಂಗಮಕೋಟೆಯ ಹಿಪ್ಪುನೇರಳೆ ತೋಟದ ಮನೆಯಿಂದ ಗೌರಿಬಿದನೂರಿಗೆ ಅವಳನ್ನು ಸೊಸೆಯಾಗಿ ಆರಿಸಿ ತಂದವರು ಅತ್ತೆ ಲಕ್ಷ್ಮಿದೇವಮ್ಮ. ಹುಡುಗಿ ಬಿ.ಎಡ್. ಮಾಡಿದ್ದಾಳೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ ಎನ್ನುವುದೆಲ್ಲ ಆಮೇಲಿನ ಮಾತು; ಅತ್ತೆ ಮೊದಲು ನೋಡಿದ್ದು ಎತ್ತರವನ್ನು. ಅವರ ಮನೆಯ ಗಂಡಸರು ಆರಡಿ ಮೀರಿದವರು. ಮಂಚದಿಂದ ಕಾಲು ಹೊರಗೆ ಚಾಚಿ ಮಲಗುವವರು. ಮೊಮ್ಮಕ್ಕಳಾದರೂ ಅಂಗಡಿಯಲ್ಲಿ ಸಿಗುವ ಬಟ್ಟೆಯಲ್ಲಿ ಹಿಡಿಯುವ ಹಾಗೆ ಹುಟ್ಟಲಿ ಎಂದು ಅತ್ತೆಯ ಲೆಕ್ಕಾಚಾರ. ಅದು ತಪ್ಪಿತು. ಒಬ್ಬಳೇ ಮಗಳು ಹರಿಣಿ ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಅಮ್ಮನ ನೆತ್ತಿಯ ಮೇಲೆ ಗಲ್ಲವಿಟ್ಟು ನಿಲ್ಲುತ್ತಿದ್ದಳು.

ಎತ್ತರವನ್ನಾದರೂ ಸಹಿಸಿಕೊಳ್ಳಬಹುದಿತ್ತು. ಅದರ ಜೊತೆಗೆ ಬಂದ ಬ್ಯಾಸ್ಕೆಟ್‌ಬಾಲ್ ಮಾತ್ರ ಕವಿತಳಿಗೆ ಮದುವೆಯಾದ ವಾರದಿಂದಲೇ ತಲೆನೋವಾಯಿತು. ಮಾವ ಚನ್ನಕೇಶವ, ಗಂಡ ಮೋಹನ್‌ಬಾಬು, ಈಗ ಹರಿಣಿ, ಮೂವರೂ ತಮ್ಮ ತಮ್ಮ ಕಾಲದಲ್ಲಿ ಸೆಂಟರ್ ಆಡಿದವರು. ಸೆಂಟರ್ ಎಂದರೆ ತಂಡದಲ್ಲಿ ಎಲ್ಲರಿಗಿಂತ ಎತ್ತರದ ಆಸಾಮಿ, ರಿಂಗಿನ ಕೆಳಗೆ ನಿಂತು ಗುದ್ದಾಡುವವನು. ಊಟಕ್ಕೆ ಕೂತರೆ ಮೂವರಿಗೂ ಒಂದೇ ವಿಚಾರ: ಪ್ರಪಂಚದಲ್ಲಿ ಇದುವರೆಗೆ ಆಡಿದ ಸೆಂಟರ್‌ಗಳಲ್ಲಿ ಯಾರು ದೊಡ್ಡವನು?

ಮಾವನ ಪ್ರಕಾರ ಬಿಲ್ ರಸೆಲ್. ಅರವತ್ತರ ದಶಕದಲ್ಲಿ ಅವರ ಊರು ತೊಂಡೇಬಾವಿಗೆ ಕೋಳಿ ಸಾಕಣೆ ಹೇಳಿಕೊಡಲು ಅಮೆರಿಕದ ಹುಡುಗನೊಬ್ಬ ಬಂದಿದ್ದ. ಊರಿನವರು ಅವನನ್ನು ಕೋಳಿ ದೊರೆ ಎನ್ನುತ್ತಿದ್ದರು. ಅವನ ಕೋಳಿಗಳು ರೋಗ ಬಂದು ಸತ್ತವು. ಬಾಲ್ ಹಾಕಲು ಹುಣಸೆ ಮರಕ್ಕೆ ಅವನು ಹೊಡೆದ ಕಬ್ಬಿಣದ ಬಳೆ ಉಳಿಯಿತು, ಅವನು ಹೇಳಿದ ರಸೆಲ್‌ನ ಕಥೆಗಳೂ ಉಳಿದವು. ರಸೆಲ್ ಆಡಿದ ಒಂದು ಆಟವನ್ನೂ ಮಾವ ಕಣ್ಣಾರೆ ಕಂಡವರಲ್ಲ. ಆದರೂ ಹೇಳಲು ಕೂತರೆ ಪಕ್ಕದಲ್ಲೇ ನಿಂತು ಬೆವರು ಒರೆಸಿಕೊಟ್ಟವರ ಹಾಗೆ ಹೇಳುತ್ತಿದ್ದರು. ಒಂದೇ ಆಟದಲ್ಲಿ ನೂರು ಪಾಯಿಂಟ್ ಹೊಡೆದ ವಿಲ್ಟ್ ಚೇಂಬರ್ಲಿನ್ ಕೂಡ ರಸೆಲ್‌ನ ಮುಂದೆ ಕಪ್ಪಿಗಾಗಿ ಬಾಯಿ ಬಿಡಬೇಕಾಯಿತು, ಹನ್ನೊಂದು ಸಲ ಗೆದ್ದವನು ಇವನೊಬ್ಬನೇ ಎಂದು ತಟ್ಟೆಯ ಅಂಚಿಗೆ ಬೆರಳು ಬಡಿಯುತ್ತಿದ್ದರು.

ಮೋಹನ್‌ಬಾಬು ವಿದ್ಯುತ್ ಕಚೇರಿಯಲ್ಲಿ ಇಂಜಿನಿಯರು. ಕೇಬಲ್ ಟಿವಿ ಬಂದ ಕಾಲದಲ್ಲಿ ಅವನ ಮನಸ್ಸು ಶಕೀಲ್ ಓನೀಲ್ ಮೇಲೆ ನಿಂತಿತು. ಎಲ್ಲರೂ ಕರೆಯುವ ಹೆಸರು ಶಾಕ್. ಮಗ ದಿನವೂ ಶಾಕ್ ಶಾಕ್ ಎನ್ನುವುದನ್ನು ಕೇಳಿ ಲಕ್ಷ್ಮಿದೇವಮ್ಮ ಎಷ್ಟೋ ವರ್ಷ ಅದು ಕರೆಂಟಿನ ವಿಷಯವೆಂದೇ ತಿಳಿದಿದ್ದರು. ಬರಿಗಾಲಲ್ಲಿ ಸ್ವಿಚ್ ಮುಟ್ಟಬೇಡ ಕಣೋ ಎಂದು ಅವನಿಗೆ ಬುದ್ಧಿ ಹೇಳುತ್ತಿದ್ದರು.

ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗುವ ಹರಿಣಿಗೆ ಇಬ್ಬರೂ ಬೇಡ. ಅವಳದು ಈಗ ಆಡುತ್ತಿರುವ ಯೋಕಿಚ್. ನೆಗೆಯುವುದಿಲ್ಲ, ಓಡುವುದೂ ಅಷ್ಟಕ್ಕಷ್ಟೆ, ಎತ್ತಲೋ ನೋಡುತ್ತ ಇನ್ನೆತ್ತಲೋ ಬಾಲ್ ಕೊಡುತ್ತಾನೆ.

ಇಪ್ಪತ್ತು ವರ್ಷ ಇದು ಮಾತಿನಲ್ಲೇ ನಡೆಯಿತು. ಹೋದ ವರ್ಷ ಊರಿನ ಕ್ಲಬ್ಬಿನವರು ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಗೋಡೆಗೆ ಬಿಳಿ ಬಣ್ಣ ಹೊಡೆಸಿದರು. ಒಬ್ಬ ಮಹಾನ್ ಸೆಂಟರಿನ ದೊಡ್ಡ ಚಿತ್ರ ಬರೆಸೋಣ, ಯಾರದ್ದೆಂದು ಹಿರಿಯರಾದ ಚನ್ನಕೇಶವಪ್ಪನವರೇ ತೀರ್ಮಾನಿಸಲಿ ಎಂದು ಮನೆಗೆ ಬಂದು ಹೇಳಿ, ಕಾಫಿ ಕುಡಿದು ಹೋದರು. ಬೆಂಕಿ ಹತ್ತಿಕೊಂಡದ್ದು ಅಲ್ಲಿಂದ.

ಮಾವ ರಸೆಲ್ ಎಂದರು. ಮೋಹನ್‌ಬಾಬು ಸತ್ತರೂ ಒಪ್ಪುವುದಿಲ್ಲ ಎಂದ. ರಿಂಗಿನ ಸಮೇತ ಬೋರ್ಡನ್ನೇ ಕಿತ್ತು ಕೆಳಕ್ಕೆ ಹಾಕಿದ ಗಂಡಸಿನ ಎದುರು ನಿಮ್ಮ ಕಾಲದ ಸಣಕಲರು ಐದು ನಿಮಿಷ ನಿಲ್ಲುತ್ತಿರಲಿಲ್ಲ ಎಂದುಬಿಟ್ಟ. ಸಣಕಲ ಎಂಬ ಮಾತು ತಮಗೇ ಅಂದದ್ದು ಎಂದು ಮಾವ ತೆಗೆದುಕೊಂಡರು. ಅಪ್ಪ ಮಗನಿಗೆ ಮಾತು ನಿಂತಿತು. ಒಂದೇ ಹಜಾರದಲ್ಲಿ ಕೂತು, ನಡುವೆ ಕವಿತಳನ್ನು ನಿಲ್ಲಿಸಿಕೊಂಡು ಮಾತಾಡತೊಡಗಿದರು. ಪೇಪರ್ ಓದಿ ಆಯಿತಾ ಅಂತ ನಿನ್ನ ಗಂಡನ್ನ ಕೇಳಮ್ಮ ಎಂದು ಮಾವ. ಕೊನೇ ಪುಟ ಬಾಕಿ ಅಂತ ನಿಮ್ಮ ಮಾವನಿಗೆ ಹೇಳು ಎಂದು ಗಂಡ. ಕವಿತ ಮೊದಮೊದಲು ಹೇಳಿದಳು. ಆಮೇಲೆ ಸುಮ್ಮನೆ ಅತ್ತ ಇತ್ತ ಕತ್ತು ತಿರುಗಿಸುತ್ತಿದ್ದಳು, ಅಷ್ಟೇ ಸಾಕಾಗುತ್ತಿತ್ತು.

ಅತ್ತೆಯದು ಮೊದಲಿಂದಲೂ ಬೇರೆ ದಾರಿ. ಮಾತು ಶುರುವಾದ ಕೂಡಲೇ ಪಕ್ಕದ ಅನಸೂಯಮ್ಮನ ಮನೆಗೆ ಎದ್ದುಹೋಗುವವರು, ಈ ಸಲ ಬಾಗಿಲಲ್ಲಿ ನಿಂತು ತಮ್ಮ ತೀರ್ಪನ್ನೂ ಕೊಟ್ಟು ಹೋದರು.

"ಚಾಲು, ಸಾಕು ನಿಮ್ದು. ಗೋಡೆ ಮೇಲೆ ಆಂಜನೇಯ ಸ್ವಾಮೀನ ಬರೆಸಿ. ಅವನಿಗಿಂತ ಎತ್ತರದೋನು ಯಾವನಿದಾನೆ? ಗೋಡೆ ಹತ್ರ ಯಾರೂ ಪಂಚೆ ಎತ್ಕೊಂಡು ನಿಲ್ಲೋದೂ ಇಲ್ಲ."

ಇದೊಂದೇ ಉಪಯೋಗಕ್ಕೆ ಬರುವ ಮಾತೆಂದು ಕವಿತಳಿಗೆ ಅನಿಸಿತು.

ಚಿತ್ರ ಬರೆಯುವ ವೆಂಕಟರವಣಪ್ಪ ಅಷ್ಟರಲ್ಲಿ ಕೆಲಸ ಶುರು ಮಾಡಿದ್ದ. ಮುಖ ಯಾರದ್ದಾದರೂ ಕೈಕಾಲು ಕೈಕಾಲೇ ಎಂದು ಕೆಳಗಿನಿಂದ ಬರೆಯುತ್ತ ಬಂದು ಕುತ್ತಿಗೆಯಲ್ಲಿ ನಿಂತ. ರುಂಡವಿಲ್ಲದ ಏಳಡಿಯ ದೇಹವೊಂದು ಬಾಲ್ ಎತ್ತಿ ಹಿಡಿದು ಗೋಡೆಯ ಮೇಲೆ ನಿಂತಿತು. ಸಂಜೆ ವಾಕಿಂಗ್ ಬಂದ ಹೆಂಗಸರು ದಾರಿ ಬದಲಿಸಿದರು. ವೆಂಕಟರವಣಪ್ಪ ಮನೆಗೆ ಬಂದು, ತಲೆ ಕೊಡ್ತೀರೋ, ಇಲ್ಲ ನಾನು ಚಿಂತಾಮಣಿ ಕಡೆ ಕೆಲಸಕ್ಕೆ ಹೋಗಲೋ ಎಂದು ಕೇಳಿದ. ಆಗ ಹರಿಣಿಯೇ, ಅಮ್ಮ ಯಾರ ಕಡೆಯವಳೂ ಅಲ್ಲ, ಅವಳು ಹೇಳಲಿ ಎಂದಳು. ಮಾವ ಒಪ್ಪಿದರು. ಮೋಹನ್‌ಬಾಬುವೂ ಒಪ್ಪಿದ. ಇಬ್ಬರಿಗೂ ಅವಳು ತಮ್ಮ ಮಾತು ಮೀರುವುದಿಲ್ಲ ಎಂಬ ಧೈರ್ಯ. ಕವಿತ ಒಂದು ವಾರ ಸಮಯ ಕೇಳಿದಳು.

ಅಂಥ ವಾರ ಅವಳ ಬಾಳಿನಲ್ಲಿ ಹಿಂದೆಂದೂ ಬಂದಿರಲಿಲ್ಲ. ಮಾವ ಉಪ್ಪು ಮರೆತ ಹುಳಿಯನ್ನು ಎರಡು ಸಲ ಹಾಕಿಸಿಕೊಂಡು ಹೊಗಳಿದರು. ಗಂಡ ಒಗೆದ ಬಟ್ಟೆ ಮಡಿಸಿಟ್ಟ; ಮಡಿಸಿದ್ದನ್ನು ಅವಳು ಕದ್ದು ಮತ್ತೆ ಮಡಿಸಬೇಕಾಯಿತು. ಹರಿಣಿ ಅಮ್ಮನ ಫೋನಿನಲ್ಲಿ ಹಳೆಯ ಆಟಗಳನ್ನು ಹುಡುಕಿಕೊಟ್ಟಳು.

ಶಾಲೆಯ ಬಿಡುವಿನಲ್ಲಿ, ಟೀಚರುಗಳ ಕೋಣೆಯ ಮೂಲೆಯಲ್ಲಿ ಕೂತು ಕವಿತ ನೋಡಿದಳು. ಕಪ್ಪು ಬಿಳುಪಿನ ರಸೆಲ್ ಅವಳಿಗೆ ಹಿಡಿಸಿದ. ಎದುರಾಳಿಯ ಬಾಲ್ ತಡೆದರೂ ಸಿಟ್ಟಿನಿಂದ ಆಚೆಗೆ ಬಡಿಯದೆ, ತನ್ನವರ ಕೈಗೆ ಹೋಗುವ ಹಾಗೆ ತಟ್ಟುವ ಮರ್ಯಾದಸ್ಥ. ಶಾಕ್ ಬೇಲಿ ಮುರಿದುಕೊಂಡು ಜೋಳದ ಹೊಲಕ್ಕೆ ನುಗ್ಗುವ ಎಮ್ಮೆಯನ್ನು ನೆನಪಿಸಿದ. ಯೋಕಿಚ್, ನಿದ್ದೆಗಣ್ಣಲ್ಲಿ ಡೇರಿಗೆ ಹಾಲು ಹಾಕಲು ಹೊರಟವನ ಹಾಗೆ ಕಂಡ. ಆದರೆ ಹಾಲು ತುಳುಕುತ್ತಿರಲಿಲ್ಲ. ಮೂವರೂ ಒಳ್ಳೆಯವರೇ. ಯಾರ ಹೆಸರು ಹೇಳಿದರೂ ಮನೆಯಲ್ಲಿ ಇನ್ನಿಬ್ಬರು ಮುನಿಸಿಕೊಳ್ಳುತ್ತಾರೆ.

ಅಷ್ಟರಲ್ಲಿ ಫೋನು ತಾನಾಗಿಯೇ ಇನ್ನೊಂದು ವಿಡಿಯೋ ಹಾಕಿತು. ಮೋಸೆಸ್ ಮಲೋನ್ ಎಂಬವನಂತೆ. ಎಂಬತ್ತರ ದಶಕದ ಆಸುಪಾಸಿನಲ್ಲಿ ಆಡಿದವನು. ಸೆಂಟರುಗಳ ಪೈಕಿ ಅಂಥ ಎತ್ತರವೇನಿಲ್ಲ. ಯಾರೋ ಎಸೆದರು, ತಪ್ಪಿತು, ಇವನು ಎತ್ತಿಕೊಂಡ. ತಾನೇ ಎಸೆದ, ತಪ್ಪಿತು, ಮತ್ತೆ ಇವನೇ ಎತ್ತಿಕೊಂಡ. ಮತ್ತೂ ತಪ್ಪಿತು. ಸುತ್ತ ನಾಲ್ವರು ನೂಕುತ್ತಿದ್ದರೂ ಬೇಸರವಿಲ್ಲದೆ ಎತ್ತಿಕೊಂಡು, ಕೊನೆಗೆ ಒಳಗೆ ಹಾಕಿಯೇ ಬಿಟ್ಟ. ಹಾಕಿದ ಮೇಲೆ ಎದೆ ಬಡಿದುಕೊಳ್ಳಲಿಲ್ಲ, ತಿರುಗಿ ಓಡಿದ.

ಕವಿತಳಿಗೆ ಬಾತ್‌ರೂಮಿನ ಹೊರಗೆ ಬಿದ್ದಿರುವ ಟವೆಲ್ಲು, ಬುಟ್ಟಿಗೆಂದು ಎಸೆದು ಬುಟ್ಟಿಯ ಪಕ್ಕಕ್ಕೆ ಬಿದ್ದ ಕಾಲುಚೀಲ, ಮೂರು ತಲೆಮಾರು ತಪ್ಪಿಸಿ ಎಸೆದದ್ದೆಲ್ಲ ಕಣ್ಣಮುಂದೆ ಬಂತು. ಕೋಣೆಯಲ್ಲಿ ಒಬ್ಬಳೇ ನಕ್ಕಳು. ಮುಂದಿನ ಪೀರಿಯಡ್ಡಿಗೆ ತಡವಾಗಿ ಹೋದಳು.

ಭಾನುವಾರ ಊಟದ ಹೊತ್ತಿಗೆ, ಗೋಡೆಗೆ ಮೋಸೆಸ್ ಮಲೋನ್ ಎಂದು ತೀರ್ಪು ಹೇಳಿದಳು. ಮೊದಲು ಬಾಯಿ ತೆರೆದವರು ಮಾವ. ತೆರೆದದ್ದು ಮಗನ ಕಡೆಗೆ.

"ಬಾಬು, ಯಾರೋ ಅವನು?"

"ಇದ್ದ ಅಪ್ಪ ಒಬ್ಬ. ರಿಂಗಿನ ಕೆಳಗೆ ಬಿದ್ದು ಒದ್ದಾಡೋನು. ಅವನನ್ನ ಯಾರಾದ್ರೂ ಗೋಡೆಗೆ ಹಾಕ್ತಾರಾ?"

ಇಷ್ಟು ದಿನ ನಿಂತಿದ್ದ ಮಾತು ಹೀಗೆ ಮತ್ತೆ ಹುಟ್ಟಿದ್ದನ್ನು ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಅವನಿಗೆ ಪಾಸ್ ಕೊಡೋಕೇ ಬರಲ್ಲಮ್ಮ ಎಂದು ಹರಿಣಿಯೂ ಅವರ ಜೊತೆ ಸೇರಿದಳು. ರಸೆಲ್ ಒಂದೊಂದು ಆಟಕ್ಕೆ ಇಪ್ಪತ್ತಕ್ಕೂ ಮೇಲೆ ರಿಬೌಂಡ್, ಎಂದರೆ ಗುರಿ ತಪ್ಪಿ ಮರಳಿದ ಬಾಲ್, ಹಿಡಿದವನು, ಎತ್ತಿಕೊಳ್ಳುವುದೇ ದೊಡ್ಡದಾದರೆ ಅವನಿಗೇ ಕೊಡಬೇಕಲ್ಲ ಎಂದು ಮಾವ ಕೊನೆಯ ಪಟ್ಟು ಹಾಕಿದರು.

ಕವಿತ ಅನ್ನ ಕಲೆಸುತ್ತಲೇ ಉತ್ತರ ಕೊಟ್ಟಳು. "ಮಾವ, ನಿಮ್ಮ ಕಾಲದಲ್ಲಿ ಓಡಿ ಓಡಿ ಎಸೀತಿದ್ರು, ಜಾಸ್ತಿ ತಪ್ಪಿಸ್ತಿದ್ರು. ತಪ್ಪಿದ್ದು ಜಾಸ್ತಿ ಆದ್ರೆ ಹಿಡಿಯೋಕೂ ಜಾಸ್ತಿ ಸಿಗುತ್ತೆ. ಎಷ್ಟು ಹಿಡಿದ ಅಂತ ಅಲ್ಲ, ಸಿಕ್ಕಿದ್ರಲ್ಲಿ ಎಷ್ಟು ಹಿಡಿದ ಅಂತ ನೋಡಬೇಕು."

ಮೋಹನ್‌ಬಾಬು ನಕ್ಕ, ನಗಬಾರದಿತ್ತು. ಯಾರೂ ಅಡ್ಡ ಬರದಿರುವಾಗ, ನೆಟ್ಟಗೆ ನಿಂತು ಎಸೆಯುವ ಫ್ರೀ ಥ್ರೋವನ್ನೇ ಸುಮಾರು ಅರ್ಧದಷ್ಟು ತಪ್ಪಿಸಿದವನು ನಿಮ್ಮ ಶಾಕ್, ನನ್ನ ಕ್ಲಾಸಿನಲ್ಲಿ ಅದು ಎರಡನೇ ದರ್ಜೆಯೂ ಮುಟ್ಟುವುದು ಕಷ್ಟ ಎಂದು ಅವನ ಕಡೆ ತಿರುಗಿದಳು. ಯೋಕಿಚ್ ವಿಷಯದಲ್ಲಿ ಅವಳದು ಉದಾರ ಮನಸ್ಸು. ಹುಡುಗ ಇನ್ನೂ ಪರೀಕ್ಷೆ ಬರೆಯುತ್ತಿದ್ದಾನೆ, ಮುಗಿಸಲಿ, ಆಮೇಲೆ ನೋಡೋಣ ಎಂದಳು.

ಮೂವರೂ ಒಟ್ಟಾಗಿ ಕ್ಲಬ್ಬಿಗೆ ದೂರು ಒಯ್ದರು. ಆದರೆ ಕವಿತ ಆಗಲೇ ಮಲೋನ್‌ನ ಫೋಟೋವನ್ನು ವೆಂಕಟರವಣಪ್ಪನಿಗೆ ಕಳಿಸಿಯಾಗಿತ್ತು. ಫೋಟೋದಲ್ಲಿ ಅವನು ಆಟಕ್ಕೆ ಹಾಕುವ ದಪ್ಪ ಕನ್ನಡಕ ಹಾಕಿದ್ದ. ಹುಟ್ಟಿದಾಗಿನಿಂದ ದೇವರನ್ನೂ ಪುಢಾರಿಗಳನ್ನೂ ಬರೆದು ಬಲ್ಲ ವೆಂಕಟರವಣಪ್ಪನಿಗೆ ಕಣ್ಣು ಬರೆಯುವುದೇ ದೊಡ್ಡ ಕಷ್ಟ; ಅವನು ಬರೆದ ಎಲ್ಲ ದೊಡ್ಡ ಮನುಷ್ಯರೂ ಸ್ವಲ್ಪ ಮೆಳ್ಳಗಣ್ಣಿನವರು. ಕನ್ನಡಕ ಕಂಡು ಅವನಿಗೆ ಹೋದ ಜೀವ ಬಂದಂತಾಯಿತು. ಕ್ಲಬ್ಬಿನವರು ಮೀಟಿಂಗ್ ಮುಗಿಸಿ ಕೋರ್ಟಿಗೆ ಬರುವ ಹೊತ್ತಿಗೆ ಅವನು ಮೀಸೆಯನ್ನು ತಿದ್ದುತ್ತಿದ್ದ. ಇದು ಇದುವರೆಗಿನ ತನ್ನ ಕೆಲಸದಲ್ಲೆಲ್ಲ ಮೇಲು ಎಂದು ಅವನೇ ಹೇಳಿಕೊಂಡ. ಅಳಿಸಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಊರಿನ ಅರ್ಧ ಜನ ಅದು ವೆಲ್ಡಿಂಗ್ ಅಂಗಡಿಯ ಜಾಹೀರಾತು ಎಂದುಕೊಂಡಿದ್ದಾರೆ.

ಈ ವರ್ಷ ಹರಿಣಿಯ ಕಾಲೇಜಿಗೆ ಚಿಂತಾಮಣಿಯಲ್ಲಿ ಪಂದ್ಯವಿತ್ತು. ಕವಿತ ರಜೆ ಹಾಕಿ ಹೋದಳು. ಮಾವ, ಗಂಡ ಇಬ್ಬರೂ ಜೊತೆಗೆ. ಹರಿಣಿ ಎತ್ತಲೋ ನೋಡುತ್ತ ಕೊಟ್ಟ ಪಾಸು ಒಮ್ಮೆ ರೆಫರಿಯ ಬೆನ್ನಿಗೆ ಬಡಿಯಿತು. ಕೊನೆಯಲ್ಲಿ ತಾನು ತಪ್ಪಿಸಿದ ಬಾಲನ್ನು ಎರಡು ಸಲ ತಾನೇ ಎತ್ತಿಕೊಂಡು ಒಳಗೆ ಹಾಕಿದಳು. ಅಮ್ಮನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಕಾಲೇಜು ಪಂದ್ಯ ಸೋತಿತು. ಮಗಳು ತಂಡದ ಜೊತೆ ಹೊರಟಳು.

ವಾಪಸು ಬರುವ ಬಸ್ಸಿನಲ್ಲಿ ಮೂವರ ಸೀಟಿನ ಕಿಟಕಿ ಪಕ್ಕ ಕವಿತ ಕೂತಿದ್ದಳು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎಂಬತ್ಮೂರರಲ್ಲಿ ಮಲೋನ್‌ನ ತಂಡ ಕೊನೆಯ ಘಟ್ಟದಲ್ಲೆಲ್ಲ ಸೇರಿ ಒಂದೇ ಒಂದು ಆಟ ಸೋತಿದ್ದನ್ನು ಅವಳು ವಿವರಿಸುತ್ತಿದ್ದರೆ, ಮಾವ ಮಗನ ಕಿವಿಯಲ್ಲಿ, ಇವಳಿಗೆ ಹೇಳಿ ಪ್ರಯೋಜನ ಇಲ್ಲ ಕಣೋ ಎಂದರು. ಅವನು ತಲೆಯಾಡಿಸಿದ. ಚಿಕ್ಕಬಳ್ಳಾಪುರ ದಾಟಿದ ಮೇಲೆ ಬಸ್ಸು ಖಾಲಿಯಾಗಿ ಇಬ್ಬರೂ ಹಿಂದಿನ ಸೀಟಿಗೆ ಹೋಗಿ ಕಣ್ಣು ಮುಚ್ಚಿದರು. ಯಾರು ಮೇಡಂ ಅದು ಮಲೋನು, ನಿಮ್ಮ ಕಡೆಯವರಾ ಎಂದು ಕಂಡಕ್ಟರು ಕೇಳಿದ. ಕವಿತ ಬ್ಯಾಗನ್ನು ತೊಡೆಯ ಮೇಲೆ ಎತ್ತಿಕೊಂಡು ಅವನಿಗೆ ಕೂರಲು ಜಾಗ ಮಾಡಿಕೊಟ್ಟು, ಮೊದಲಿಂದ ಹೇಳತೊಡಗಿದಳು.