ಕೊಡದೆ ಮರಳಿ ತಂದ ಅಕ್ಕಿ

ಅಕ್ಕಿಆಲೂರಿನಲ್ಲಿರುವ ನನ್ನ ತಂಗಿ ಅಡುಗೆಗೆಂದು ಅಕ್ಕಿ ಡಬ್ಬಿ ತೆರೆದಾಗ ತಳ ಕಾಣಿಸುತ್ತಿತ್ತು. ಆದರೂ ಆಕೆ ಮೊದಲು ಒಂದು ಹಿಡಿ ಅಕ್ಕಿ ತೆಗೆದು ಬೇರೆ ಗಡಿಗೆಗೆ ಹಾಕಿದಳು.

"ಅದು ಯಾರಿಗೆ?" ಎಂದೆ.

"ದೇವರ ಪಾಲು, ಅಕ್ಕಾ. ಐತ್ವಾರ ಚರ್ಚಿಗೆ ಒಯ್ತೇನಿ. ಅಲ್ಲಿಂದ ಇಲ್ಲದವರ ಮನಿಗೆ ಹೋಗತೈತಿ."

"ನಿನಗಿಂತ ಇಲ್ಲದವರು ಯಾರ ಅದಾರ?"

ಆಕೆ ನಕ್ಕಳು. "ಮೊದಲ ನಾನೂ ಅಂಜತಿದ್ದೆ. ತಾಸಿಗೊಮ್ಮೆ ಡಬ್ಬಿ ತಗದು ನೋಡತಿದ್ದೆ. ಈಗ ಪ್ರಾರ್ಥನಾ ಮಾಡಿ ಮುಚ್ಚಿಬಿಡತೇನಿ. ಇವತ್ತಿಂದು ಯೇಸಪ್ಪ ಕೊಟ್ಟಾನ, ನಾಳಿಂದು ಅಂವಗ ಗೊತ್ತೈತಿ."

ಆಕೆ ಮದುವೆಯಾಗಿ ಕ್ರೈಸ್ತರ ಮನೆ ಸೇರಿದವಳು. ಗಂಡನ ಗಿರಣಿ ಕೆಲಸ ನಿಂತಿದೆ ಎಂದು ತಿಳಿದೇ ನಾನು ನಮ್ಮ ಗದ್ದೆಯ ಅಕ್ಕಿಯನ್ನು ಚೀಲದಲ್ಲಿ ತಂದು ಬಾಗಿಲ ಬಳಿ ಇಟ್ಟಿದ್ದೆ. ಈ ಮಾತು ಕೇಳಿದ ಮೇಲೆ ಕೊಡಲು ಮನಸ್ಸು ಬರಲಿಲ್ಲ. ಕೊಟ್ಟರೆ ಅದನ್ನೂ ಹಂಚಿಬಿಡುತ್ತಾಳೆ ಎನಿಸಿತೋ, ಒಡಹುಟ್ಟಿದ ನನ್ನ ಹತ್ತಿರ ಕಷ್ಟ ಹೇಳಿಕೊಳ್ಳಲಿಲ್ಲವೆಂಬ ಸಿಟ್ಟೋ, ನನಗೇ ಗೊತ್ತಿಲ್ಲ. ಆಕೆ ಬಡಿಸಿದ್ದನ್ನು ಉಂಡು, ಚೀಲ ಹಿಡಿದು ಹೊರಟೆ.

"ಭಾರ ಐತಿ, ಇಲ್ಲೆ ಕೊಡು" ಎಂದು ತಂಗಿ ಅದನ್ನು ತಲೆಯ ಮೇಲೆ ಹೊತ್ತು ಬಸ್ ನಿಲ್ದಾಣಕ್ಕೆ ಬಂದಳು. ಹೊತ್ತವಳಿಗೆ ಅಕ್ಕಿ ಎಂದು ತಿಳಿಯದೇ ಇರುತ್ತದೆಯೇ? ಏನೂ ಕೇಳದೆ ಸೀಟಿನ ಕೆಳಗೆ ಇಟ್ಟು, "ಹುಷಾರ್ ಹೋಗಬೇ ಅಕ್ಕಾ" ಎಂದು ಇಳಿದಳು.

ಮುಂದಿನ ಸುಗ್ಗಿಯವರೆಗೆ ಸಾಲುವಷ್ಟು ನನ್ನ ಮನೆಯಲ್ಲಿದೆ. ಆದರೂ ಸಾಲದೇ ಹೋದೀತೆಂಬ ಅಂಜಿಕೆ ಇರುವುದು ನನಗೆ, ಆಕೆಗಲ್ಲ. ಇದು ಹೇಗೆಂದು ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ಆಕೆಯನ್ನೇ ಕೇಳೋಣವೆಂದರೆ ಮುಖ ತೋರಿಸುವ ಧೈರ್ಯವಿಲ್ಲ.