ಎರಡು ರಿಪೋರ್ಟು, ಒಬ್ಳೇ ನೀಲಾ

ಆರ್.ಟಿ. ನಗರದ ಕ್ಲಿನಿಕ್ಕಲ್ಲಿ ಡಾಕ್ಟರ್ ಗಜಾಲಾ ಎರಡು ರಿಪೋರ್ಟನ್ನ ಟೇಬಲ್ ಮೇಲೆ ಪಕ್ಕಪಕ್ಕ ಇಟ್ರು, ಕನ್ನಡಕ ಹಣೆ ಮೇಲಕ್ಕೆ ಏರಿಸಿದ್ರು, ಎಡಗಡೇದು ಓದಿದ್ರು, ಬಲಗಡೇದು ಓದಿದ್ರು, ಮತ್ತೆ ಎಡಗಡೇದು ಓದಿದ್ರು, ಆಮೇಲೆ ಕೀರ್ತಿ ಮುಖ ನೋಡಿ ಕೇಳಿದ್ರು, "ಅಮ್ಮಾ, ನಿಮಗೆ ಅವಳಿ ಮಕ್ಕಳಾ?"

ಕೀರ್ತಿಗಿರೋದು ಒಂದೇ ಮಗು. ಹೆಸರು ನೀಲಾಂಬಿಕಾ, ನಾಲ್ಕು ವರ್ಷ, ಮನೇಲಿ ಬರೀ ನೀಲಾ. ಆ ನೀಲಾ ಆಗ ಡಾಕ್ಟರ್ ರೂಮಿನ ಮೂಲೇಲಿ ಸ್ಟೂಲ್ ಹತ್ತಿ ಫ್ಯಾನ್ ಸ್ವಿಚ್ ಆನ್ ಆಫ್, ಆನ್ ಆಫ್ ಮಾಡ್ತಾ, ರೆಕ್ಕೆ ನಿಧಾನ ಆಗೋದನ್ನ ಕತ್ತೆತ್ತಿ ನೋಡ್ತಾ ನಿಂತಿದ್ಲು, ಲೋಕದಲ್ಲಿ ಅದಕ್ಕಿಂತ ಚೆಂದದ್ದು ಏನೂ ಇಲ್ಲವೇನೋ ಅನ್ನೋ ಥರ!

"ಒಬ್ಬಾಕಿನೇ ರೀ" ಅಂದ್ಲು ಕೀರ್ತಿ.

ವಿಷಯ ಏನಂದ್ರೆ, ಎಡಗಡೆ ರಿಪೋರ್ಟ್ ಪ್ರಕಾರ ನೀಲಾಗೆ ಮಾತು ಸ್ವಲ್ಪ ತಡ, ಬೇರೆಲ್ಲಾ ವಯಸ್ಸಿಗೆ ತಕ್ಕಂತೆ ಇದೆ, ವಾರಕ್ಕೊಂದು ಸ್ಪೀಚ್ ಥೆರಪಿ ಸಾಕು. ಬಲಗಡೆ ರಿಪೋರ್ಟ್ ಪ್ರಕಾರ ನೀಲಾಗೆ ಆಟಿಸಂ, ಜೊತೆಗೆ ಗಮನ ಒಂದ್ಕಡೆ ನಿಲ್ಲದ ಎಡಿಎಚ್‌ಡಿ ಇರಬಹುದು, ಬುದ್ಧಿ ಬೆಳವಣಿಗೇನೂ ತುಂಬಾ ಹಿಂದೆ, ವಾರಕ್ಕೆ ಆರು ದಿನ ಮೂರು ಥರದ ಥೆರಪಿ ಬೇಕು. ಎರಡಕ್ಕೂ ನಡುವೆ ಬರೀ ನಾಲ್ಕು ತಿಂಗಳು!

"ಇವರಲ್ಲಿ ಯಾವ ಮಗೂಗೆ ನಾನು ಥೆರಪಿ ಬರೀಲಿ?" ಅಂದ್ರು ಗಜಾಲಾ.

ಇದು ಹಿಂಗ್ಯಾಕಾಯ್ತು ಅಂತ ಗೊತ್ತಾಗ್ಬೇಕಾದ್ರೆ ಇಳಕಲ್‌ಗೆ ಹೋಗ್ಬೇಕು, ಏಳು ವರ್ಷ ಹಿಂದಕ್ಕೆ, ಕೀರ್ತಿನ ನೋಡೋಕೆ ಗಂಡಿನ ಕಡೆಯವರು ಬಂದಿದ್ದ ದಿನಕ್ಕೆ. "ಹುಡುಗಿಗೆ ಹೊಲಿಗಿ ಬರ್ತದೇನ್ರಿ?" ಅಂತ ಅವರು ಕೇಳಿದ್ರು, ಬದುಕಲ್ಲಿ ಸೂಜಿಗೆ ದಾರ ಪೋಣಿಸದ ಕೀರ್ತಿ ಬಾಯಿ ತೆರೆಯೋ ಮೊದಲೇ ಅವಳ ಅವ್ವ ಸೆರಗಿನ ಮರೇಲಿ ತೊಡೆ ಚಿವುಟಿ, "ಎಲ್ಲಾ ಬರ್ತದ್ರಿ, ಜಂಪರು ಅಕಿನೇ ಹೊಲ್ಕೊಂಡಾಳ" ಅಂದುಬಿಟ್ಲು. ಹೊರಗಿನೋರು ಎದುರಿಗೆ ಕೂತು ನಮ್ಮ ಹುಡುಗಿ ಬಗ್ಗೆ ಕೇಳಿದ್ರೆ ಹೂಂ ಅನ್ಬೇಕು, ಅಷ್ಟೇ. ಕೀರ್ತಿ ಅದನ್ನ ಕಲಿತಿದ್ದು ಹಾಗೆ, ಚಿವುಟಿಸ್ಕೊಂಡು.

ಹೋದ ವರ್ಷ ನೀಲಾಗೆ ಮಾತು ತಡ ಆಗ್ತಿದೆ ಅಂತ ತೋರಿಸೋಕೆ ಹೋದ ಸಂಜಯನಗರದ ಒಂದು ಸೆಂಟರಲ್ಲಿ ಇಸ್ತ್ರಿ ಮಾಡಿದ ಕೋಟ್ ಹಾಕಿದ್ದ ಹೆಂಗಸೊಬ್ರು ಪೆನ್ನು ಹಿಡ್ಕೊಂಡು ಎದುರಿಗೆ ಕೂತ್ರು ನೋಡಿ, ಕೀರ್ತಿ ಬೆನ್ನು ತಾನಾಗೇ ನೆಟ್ಟಗಾಯ್ತು!

"ಹೆಸರು ಕರೆದ್ರೆ ನೋಡ್ತಾಳಾ?"

"ಯಾವಾಗ್ಲೂ ರೀ."

"ಬೇರೆ ಮಕ್ಕಳ ಜೊತೆ ಆಡ್ತಾಳಾ?"

"ಭಾಳ ಚಂದ ಆಡ್ತಾಳ್ರಿ."

ಹಿಂಗೇ ಮುಕ್ಕಾಲು ಗಂಟೆ. ಅವತ್ತು ಜ್ವರ ಇಳಿದು ಸುಸ್ತಾಗಿದ್ದ ನೀಲಾ ಪಾಪ ಅಮ್ಮನ ತೊಡೆ ಮೇಲೆ ತೆಪ್ಪಗೆ ಕೂತಿದ್ಲು, ಅದೂ ಲೆಕ್ಕಕ್ಕೆ ಬಂತು. ಒಳ್ಳೇ ರಿಪೋರ್ಟ್ ಸಿಕ್ತು. ಪೀಣ್ಯದ ಫ್ಯಾಕ್ಟರೀಲಿ ಶಿಫ್ಟ್ ಮಾಡೋ ಗಂಡ ಬಸವಕಿರಣ ಖುಷಿಯಾಗಿ ಅದರ ಫೋಟೋ ತೆಗೆದು ಬಾದಾಮೀಲಿರೋ ಅಪ್ಪಂಗೆ, ಅಣ್ಣಂಗೆ, ಅಕ್ಕಂಗೆ, ಎಲ್ರಿಗೂ ಕಳಿಸಿಬಿಟ್ಟ. "ಬರೇ ಮಾತು ತಡ, ನಮ್ಮಪ್ಪನೂ ಐದಕ್ಕ ಮಾತಾಡ್ಯಾನ" ಅಂದ. ಅಲ್ಲಿಗೆ ಆ ಮನೇಲಿ ಆ ಮಾತು ಮುಗೀತು. ಕೀರ್ತಿಗೆ ಮಾತ್ರ ಮುಗೀಲಿಲ್ಲ, ಯಾಕಂದ್ರೆ ಹಗಲೆಲ್ಲಾ ನೀಲಾ ಜೊತೆ ಇರೋಳು ಅವಳೇ, ಮಿಕ್ಸಿ ಸದ್ದಿಗೆ ಕಿವಿ ಮುಚ್ಕೊಂಡು ಕಿರುಚೋ ನೀಲಾನ್ನ ಎತ್ಕೊಂಡು ಓಡಾಡೋಳು ಅವಳೇ. ಅದನ್ನ ಯಾರಿಗೆ ಹೇಳೋದು? ಹೇಳಿದ್ರೆ, ಮತ್ತೆ ಅವತ್ಯಾಕೆ ಹಂಗಂದೆ ಅಂತಾರಲ್ಲ!

ಅದಕ್ಕೇ ಗಂಡನಿಗೂ ಹೇಳದೆ ಯಲಹಂಕದ ಇನ್ನೊಂದು ಸೆಂಟರಿಗೆ ಹೋದ್ಲು. ಅಲ್ಲಿ ವೇಟಿಂಗ್ ಬೆಂಚಲ್ಲಿ ಸಿಕ್ಕಿದ್ದು ಮುನಿಯಲ್ಲಮ್ಮ, ಮೊಮ್ಮಗಳನ್ನ ಕರ್ಕೊಂಡು ಬಂದಿದ್ದ ಯಲಹಂಕದ ಹಳೇ ಊರಿನ ಅಜ್ಜಿ, ಬಾಯ್ತುಂಬ ಎಲೆಅಡಿಕೆ. ಕೀರ್ತಿ ಕತೆ ಕೇಳಿ ಹಣೆ ಚಚ್ಕೊಂಡ್ರು.

"ಅಯ್ಯೋ ನಿನ್ನ! ಡಾಕ್ಟ್ರ ತಾವ ಓಗಿ ಎಲ್ಲಾ ಚೆಂದಾಗವ್ಳೆ ಅಂದ್ಯಾ? ಚೆಂದಾಗಿದ್ರೆ ಇಲ್ಯಾಕ್ ಬಂದೆ ಅಂತ ಕಳ್ಸ್‌ಬುಡ್ತಾರೆ ಕಣಮ್ಮೀ. ಇಂಗ್ ಕೇಳು, ಅವರೇನ್ ಕೇಳುದ್ರೂ ಇಲ್ಲ ಅನ್ನು, ಬರಾಕಿಲ್ಲ ಅನ್ನು. ನಾನು ಅಂಗೇ ಏಳಿ ನಮ್ ಮೊಮ್ಮಗ್ಳಿಗೆ ವಾರಕ್ಕಾರು ದಿನ ಗಿಟ್ಟುಸ್ಕಂಡೆ!"

ಬಸ್ಸಲ್ಲಿ ಸೀಟು ಹಿಡಿದಂಗೆ ಹೇಳಿದ್ರು ಅಜ್ಜಿ! ಕೀರ್ತಿ ಒಳಗೆ ಹೋಗಿ ಕೇಳಿದ್ದಕ್ಕೆಲ್ಲಾ ಇಲ್ಲ ಅಂದ್ಲು. ಕೈಯಿಂದ ತಿಂತಾಳಾ, ಇಲ್ಲ. ಬಣ್ಣ ಗೊತ್ತಾ, ಇಲ್ಲ. ನೀಲಾ ಗೋಡೆ ಮೇಲಿನ ಹಳದಿ ಚುಕ್ಕೆಗಳನ್ನೆಲ್ಲಾ ಒಂದೊಂದಾಗಿ ಮುಟ್ತಾ ಹೋಗ್ತಿದ್ಲು, ಬೇರೆ ಬಣ್ಣ ಒಂದನ್ನೂ ಮುಟ್ಟದೆ, ಕೀರ್ತಿ ಅದನ್ನ ನೋಡ್ತಾನೇ 'ಇಲ್ಲ' ಅಂದ್ಲು.

ಯಾವ ರಿಪೋರ್ಟ್ ನಂಬೋದು ಗೊತ್ತಾಗದೆ, ಗಂಡನಿಗೆ ಸ್ಪೀಚ್ ಥೆರಪಿ ಕೇಳೋಕೆ ಅಂತ ಹೇಳಿ ಇಲ್ಲಿಗೆ ಬಂದಿದ್ಲು. ಈಗ ಗಜಾಲಾ ಟೇಬಲ್ ಮೇಲೆ ಆ ಎರಡೂ ದಿನ ಹಾಳೆಯಾಗಿ ಬಿದ್ದಿದ್ವು.

"ನಾನೇ ಸುಳ್ಳ ಹೇಳೀನ್ರಿ" ಅಂದ್ಲು ಕೀರ್ತಿ. "ಎರಡೂ ಕಡೆ. ಮೊದಲನೇ ಕಡೆ ಎಲ್ಲಾ ಹೂಂ ಅಂದೆ, ಎರಡನೇ ಕಡೆ ಎಲ್ಲಾ ಇಲ್ಲ ಅಂದೆ."

ಗಜಾಲಾ ಬೈಲಿಲ್ಲ. ನಗಲೂ ಇಲ್ಲ. ಡ್ರಾಯರಿಂದ ಕನ್ನಡದಲ್ಲಿದ್ದ ಒಂದು ಫಾರಂ ತೆಗೆದು ಕೊಟ್ರು, ಅರವತ್ನಾಲ್ಕು ಪ್ರಶ್ನೆ. "ನಾನೂ ಮಗೂನ ನೋಡ್ತೀನಿ, ಆದ್ರೆ ನನಗೆ ಸಿಗೋದು ಒಂದು ಗಂಟೆ. ಮಿಕ್ಕಿದ್ದು ನಿಮ್ಮ ಕಣ್ಣಲ್ಲೇ ನೋಡ್ಬೇಕು. ಸೋಮವಾರ ತನ್ನಿ. ಯಾರನ್ನೂ ಕೇಳ್ಬೇಡಿ, ನೆನಪಿಂದ ಬರೀಬೇಡಿ, ಮಾಡಿಸಿ ನೋಡಿ ಬರೀರಿ. ಈ ಸಲ ತಪ್ಪು ಮಗೂಗೆ ಥೆರಪಿ ಶುರು ಮಾಡಿದ್ರೆ, ನೀಲಾಗೆ ಇನ್ನೊಂದು ವರ್ಷ ಹೋಗುತ್ತೆ ಕಣಮ್ಮಾ."

ಯಶವಂತಪುರಕ್ಕೆ ಬಸ್ಸು, ಅಲ್ಲಿಂದ ಪ್ಯಾಸೆಂಜರ್ ಗಾಡಿ, ಸಾಯಂಕಾಲ ಚಿಕ್ಕಬಾಣಾವರದಲ್ಲಿ ಇಳಿದ್ರು. ಇಳಿದ ತಕ್ಷಣ ಮನೆಗೆ ಹೋಗೋ ಹಾಗಿಲ್ಲ, ಒಂದು ಗೂಡ್ಸ್ ಗಾಡಿ ಹಾದು ಹೋಗೋ ತನಕ ನೀಲಾ ಪ್ಲಾಟ್‌ಫಾರಂ ಬಿಟ್ಟು ಕದಲಲ್ಲ. ಜನ ಎಲ್ಲಾ ಗೇಟಿನ ಕಡೆ ಹರಿದು ಹೋದ್ರು. ಕೀರ್ತಿ ಕಲ್ಲು ಬೆಂಚಲ್ಲಿ ಕೂತು ಫಾರಂ ಬಿಚ್ಚಿದ್ಲು. ಮೊದಲ್ನೇ ಪ್ರಶ್ನೆ, ಹೆಸರು ಹಿಡಿದು ಕರೆದರೆ ಮಗು ನಿಮ್ಮತ್ತ ನೋಡುತ್ತದೆಯೇ?

ಸಂಜಯನಗರದಲ್ಲಿ ಯಾವಾಗ್ಲೂ. ಯಲಹಂಕದಲ್ಲಿ ಯಾವತ್ತೂ ಇಲ್ಲ. ನಿಜ ಏನು? ಆಶ್ಚರ್ಯ ಅಂದ್ರೆ ಅವಳಿಗೇ ಗೊತ್ತಿರ್ಲಿಲ್ಲ! ಹತ್ತು ಸಲ ಕರೆದು ನೋಡೋದು ಅಂತ ತೀರ್ಮಾನ ಮಾಡಿದ್ಲು.

"ನೀಲಾ." ನಾಲ್ಕು ಹೆಜ್ಜೆ ಆಚೆ ಹಳದಿ ಗೆರೆ ಮೇಲೆ ಕೂತಿದ್ದ ನೀಲಾ ತಿರುಗಲಿಲ್ಲ. ಸ್ವಲ್ಪ ಬಿಟ್ಟು, "ನೀಲಾ." ಇಲ್ಲ. ಮೂರ್ನೇ ಸಲ ಕರೆದಾಗ ಆಚೆ ಬೆಂಚಿನ ಕಡ್ಲೆಕಾಯಿ ಮಾರೋ ಮುದುಕ ತಿರುಗಿ ನೋಡಿದ, ನೀಲಾ ನೋಡ್ಲಿಲ್ಲ. ನಾಲ್ಕನೇ ಸಲ ತಿರುಗಿದ್ಲು! ಅರೆಕ್ಷಣ, ಅಮ್ಮನ ಗಲ್ಲದ ತನಕ ಬಂದು ಹೋಯ್ತು ಕಣ್ಣು. ಕೀರ್ತಿ ಫಾರಂ ಅಂಚಲ್ಲಿ ಒಂದು ಗೀಟು ಹಾಕಿದ್ಲು.

ಅಷ್ಟರಲ್ಲಿ ಬಸವಕಿರಣನ ಫೋನ್ ಬಂತು, ಟೀ ಬ್ರೇಕ್. "ಏನ್ ಅಂದ್ರು ಡಾಕ್ಟರ್?"

'ಎಲ್ಲಾ ಚಂದ ಅದ' ಅನ್ನೋದು ಎಷ್ಟು ಸುಲಭ ಇತ್ತು. "ರೀ, ಮೊದಲನೇ ರಿಪೋರ್ಟ್ ಖರೇ ಅಲ್ರಿ. ನಾನೇ ಎಲ್ಲಾ ಚಂದ ಮಾಡಿ ಹೇಳಿದ್ದೆ. ಎರಡನೇದೂ ಖರೇ ಅಲ್ಲ. ನಿಮಗ ಹೇಳದ ಯಲಹಂಕಕ್ಕ ಹೋಗಿದ್ದೆ."

ಆ ಕಡೆ ಮಷಿನ್ ಸದ್ದು, ಯಾರೋ ನಗ್ತಿರೋದು.

"ನಾ ಅದನ್ನ ಅಪ್ಪಗ ಕಳಿಸಿದ್ದೆ" ಅಂದ ಬಸವಕಿರಣ. "ಅಂವ ಊರಿಗೆಲ್ಲಾ ತೋರಿಸ್ಯಾನ."

"ಗೊತ್ತದ."

"ಬೆಲ್ ಆತು. ಇಡ್ತೀನಿ."

ಇಟ್ಟ. ಬೆಲ್ ಏನೂ ಕೇಳಿಸಿರ್ಲಿಲ್ಲ ಕೀರ್ತಿಗೆ. ಫೋನನ್ನ ಚೀಲದೊಳಗೆ ಹಾಕಿ, ಐದ್ನೇ ಸಲ ಕರೆದ್ಲು. ಆರು. ಏಳು. ಎಂಟ್ನೇ ಸಲ ಇನ್ನೊಂದು ಗೀಟು ಸಿಕ್ತು. ಒಂಬತ್ತು, ಇಲ್ಲ. ಹತ್ತನೇ ಸಲಕ್ಕೆ ಬಾಯಿ ತೆರೆಯೋ ಹೊತ್ತಿಗೆ ಗೂಡ್ಸ್ ಗಾಡಿ ನುಗ್ಗಿ ಬಂತು, ಅವಳ ದನಿ ಅವಳಿಗೇ ಕೇಳಿಸ್ಲಿಲ್ಲ. ಅದನ್ನ ಲೆಕ್ಕಕ್ಕೆ ಹಿಡಿಯೋದು ನೀಲಾಗೆ ಅನ್ಯಾಯ. ಡಬ್ಬಿ ಮೇಲೆ ಡಬ್ಬಿ, ಕೊನೇ ಡಬ್ಬಿ ದಾಟೋ ತನಕ ಕಾದು, ಸದ್ದು ಪೂರ್ತಿ ಅಡಗಿದ ಮೇಲೆ ಮತ್ತೆ ಕರೆದ್ಲು. ನೀಲಾ ಗಾಡಿ ಹೋದ ದಿಕ್ಕನ್ನೇ ನೋಡ್ತಿದ್ಲು.

ಹತ್ತಕ್ಕೆ ಎರಡು. ಕೀರ್ತಿ 'ಕೆಲವೊಮ್ಮೆ' ಅನ್ನೋದಕ್ಕೆ ಟಿಕ್ ಹಾಕಿದ್ಲು. ಎರಡು ರಿಪೋರ್ಟಲ್ಲೂ ಇಲ್ಲದೇ ಇದ್ದ ಉತ್ತರ.

ಕಡ್ಲೆಕಾಯಿ ಮುದುಕ ಬುಟ್ಟಿ ಎತ್ಕೊಂಡು ಹೊರಟ. "ಗೂಡ್ಸ್ ಹೋಯ್ತಲ್ಲಮ್ಮಾ, ಮನೆಗ್ ಹೋಗಲ್ವಾ?"

ಎರಡನೇ ಪ್ರಶ್ನೆ ಓದಿದ್ಲು ಕೀರ್ತಿ. ಇಷ್ಟವಾದದ್ದನ್ನು ಕಂಡಾಗ ಮಗು ಬೆರಳು ಮಾಡಿ ನಿಮಗೆ ತೋರಿಸುತ್ತದೆಯೇ? ಈಗ ಗಾಡಿ ಬಂದಾಗ ಕೀರ್ತಿ ನೋಡಿದ್ದು ಡಬ್ಬಿಗಳನ್ನ, ನೀಲಾ ಕೈಯನ್ನಲ್ಲ.

"ಇನ್ನೊಂದು ಗಾಡಿ ಬರ್ಲಿ ರೀ" ಅಂದು, ಪೆನ್ನಿನ ಕ್ಯಾಪ್ ಹಾಕಿ, ಖಾಲಿ ಪ್ಲಾಟ್‌ಫಾರಮ್ಮಲ್ಲಿ ಹಳದಿ ಗೆರೆ ಹತ್ರ ನೀಲಾ ಕೈ ಕಾಣೋ ಹಾಗೆ ಜಾಗ ಮಾಡ್ಕೊಂಡು ಕೂತ್ಲು.